ಬೆಳೆಯುವ ಬೀದರ, ಬಾಯಾರಿದ ಬೀದರ

ನೀವು ಬೆಳಗಿನ ರೈಲಿಗೆ ಬೀದರ ನಿಲ್ದಾಣದಲ್ಲಿ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಕೋಟೆಯಲ್ಲ, ಬಹಮನಿ ಗುಂಬಜಗಳೂ ಅಲ್ಲ. ಕಾಲೇಜು ಮತ್ತು ಕೋಚಿಂಗ್ ಕೇಂದ್ರಗಳ ದೊಡ್ಡ ದೊಡ್ಡ ಫಲಕಗಳು. ಅವುಗಳ ಕೆಳಗೆ ಟ್ರಂಕು, ಹಾಸಿಗೆ ಸುರುಳಿ ಹಿಡಿದು ನಿಂತ ತಾಯಂದಿರು. ಕೆಲವರು ಬುರ್ಖಾದಲ್ಲಿ, ಕೆಲವರು ಸೆರಗು ಹೊದ್ದುಕೊಂಡು. ಮಗನನ್ನೋ ಮಗಳನ್ನೋ ಡಾಕ್ಟರ್ ಮಾಡಬೇಕೆಂದು ಔರಾದದಿಂದ, ಭಾಲ್ಕಿಯಿಂದ ಮಾತ್ರವಲ್ಲ, ಉತ್ತರ ಪ್ರದೇಶ, ಬಿಹಾರಗಳಿಂದಲೂ ಬಂದವರಿದ್ದಾರೆ.

ಮಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಈ ಪುಟ ಓದುತ್ತಿರುವ ಸಹೋದರಿಗೆ ನಮ್ಮ ಊರು ಬಹಳ ದೂರ. ಕರ್ನಾಟಕದ ಭೂಪಟದಲ್ಲಿ ತುತ್ತತುದಿಗೆ, ಕಿರೀಟದಂತೆ ಕುಳಿತಿರುವ ಜಿಲ್ಲೆ ನಮ್ಮದು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಬೆಂಗಳೂರಿಗೆ ಒಂದು ರಾತ್ರಿಯಿಡೀ ಪ್ರಯಾಣ. ಹೈದರಾಬಾದಿಗೆ ಮೂರು ಗಂಟೆಯ ದಾರಿ. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರೇ ಆಗಿದ್ದೆವು. ಸಂತೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಹಿಂದುಳಿದ ಜಿಲ್ಲೆ ಎಂಬ ಹಣೆಪಟ್ಟಿಯನ್ನು ಓದುತ್ತಲೇ ನಮ್ಮ ತಲೆಮಾರು ಬೆಳೆಯಿತು.

ಆ ಬೀದರ ಈಗ ಬೆಳೆಯುತ್ತಿದೆ, ಅದೂ ಭರದಿಂದ. 2001ರ ಜನಗಣತಿಯಲ್ಲಿ ಒಂದು ಮುಕ್ಕಾಲು ಲಕ್ಷದ ಆಸುಪಾಸಿನಲ್ಲಿದ್ದ ನಗರದ ಜನಸಂಖ್ಯೆ 2011ರಲ್ಲಿ 2 ಲಕ್ಷ 16 ಸಾವಿರ ಮುಟ್ಟಿತು. ಆಮೇಲೆ ಊರು ಎಷ್ಟು ಹಿಗ್ಗಿತೆಂಬುದಕ್ಕೆ ಲೆಕ್ಕ ಬೇಕಿಲ್ಲ, ನೌಬಾದ್ ಕಡೆಗೋ ಚಿದ್ರಿ ಕಡೆಗೋ ಒಂದು ಸುತ್ತು ಆಟೋದಲ್ಲಿ ಹೋದರೆ ಸಾಕು. ತೊಗರಿ, ಹೆಸರು ಬೆಳೆಯುತ್ತಿದ್ದ ಹೊಲಗಳಲ್ಲಿ ಬಿಳಿ ಬಣ್ಣದ ಗಡಿಕಲ್ಲುಗಳು ನಿಂತಿವೆ. ಪಶುವೈದ್ಯ ವಿಶ್ವವಿದ್ಯಾಲಯ ಬಂತು. 2007ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. 2017ರ ಅಕ್ಟೋಬರ್‌ನಲ್ಲಿ ಕಲಬುರಗಿಗೆ ನೇರ ರೈಲು ಮಾರ್ಗ ತೆರೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ಸೇರಿದ ಸಚಿವ ಸಂಪುಟ ಬೀದರ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿಸಲು ಒಪ್ಪಿತು. ಶಿಕ್ಷಣದ ವಿಷಯಕ್ಕೆ ಬಂದರೆ, ಡಾ. ಅಬ್ದುಲ್ ಖದೀರ್ ಅವರು 1989ರಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಆರಂಭಿಸಿದ ಶಾಹೀನ್ ಸಂಸ್ಥೆ ಇಂದು ದೇಶಕ್ಕೇ ಪರಿಚಿತ. ಕುರ್‌ಆನ್ ಕಂಠಪಾಠ ಮಾಡಿದ ಹಾಫಿಝ್ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಕೂರಿಸುವ ಪ್ರಯೋಗವನ್ನು ಹತ್ತಿರದಿಂದ ಕಂಡಿದ್ದೇನೆ. ಮದ್ರಸದಲ್ಲಿ ಓದಿ, ಬಳಿಕ ಹೊರಗಿನಿಂದ ಪರೀಕ್ಷೆ ಕಟ್ಟಿ ಬಿ.ಎ. ಮಾಡಿದ ನನ್ನಂಥವಳಿಗೆ ಅದು ಎಂಥ ಸಂತೋಷದ ವಿಷಯ ಎಂದು ಬೇರೆ ಹೇಳಬೇಕೇ?

ಆದರೆ ನಾನು ಇಂದು ನಿಮ್ಮೊಂದಿಗೆ ಮಾತನಾಡಲು ಹೊರಟಿರುವುದು ಫಲಕಗಳ ಬಗ್ಗೆಯಲ್ಲ, ಕೊಡಗಳ ಬಗ್ಗೆ.

ಹಾಜರಿ ಪುಸ್ತಕದ ಗುಟ್ಟು

ನನ್ನ ತರಗತಿಯಲ್ಲಿ ಹೆಣ್ಣು ಮಕ್ಕಳೇ ಹೆಚ್ಚು. ಬೇಸಿಗೆ ಹತ್ತಿರವಾದಂತೆ ಕೆಲವು ಹುಡುಗಿಯರು ವಾರಕ್ಕೆ ಎರಡು ದಿನ ತಡವಾಗಿ ಬರತೊಡಗುತ್ತಾರೆ. ಬೇರೆ ಬೇರೆ ಓಣಿಯವರು ಬೇರೆ ಬೇರೆ ದಿನ. ಮೊದಮೊದಲು ಗದರುತ್ತಿದ್ದೆ. ಒಂದು ದಿನ ಹಾಜರಿ ಪುಸ್ತಕವನ್ನು ಎದುರಿಗಿಟ್ಟುಕೊಂಡು ನೋಡಿದಾಗ ವಿಷಯ ಹೊಳೆಯಿತು. ಅವರವರ ಓಣಿಗೆ ನಳದಲ್ಲಿ ನೀರು ಬಿಡುವ ದಿನ ಯಾವುದೋ, ಅದೇ ದಿನ ಅವರು ತಡ. ಅವರ ಅಣ್ಣತಮ್ಮಂದಿರು? ಅವರು ಸಮಯಕ್ಕೆ ಸರಿಯಾಗಿ ಶಾಲೆಯಲ್ಲಿ! ಗದರುವುದನ್ನು ಅಂದೇ ಬಿಟ್ಟೆ. ಆದರೆ ತಪ್ಪಿಹೋದ ಮೊದಲ ಗಂಟೆಯ ಗಣಿತವನ್ನು ಅವರಿಗೆ ಯಾರು ಹೇಳಿಕೊಡಬೇಕು?

ಬೀದರ ಮರುಭೂಮಿಯೇನಲ್ಲ. ವರ್ಷಕ್ಕೆ ಸರಾಸರಿ 850 ಮಿ.ಮೀ.ನಷ್ಟು ಮಳೆ ಬೀಳುವ ನಾಡು ಇದು. ಬರುವುದೆಲ್ಲ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದುಬಿಡುತ್ತದೆ. ಊರು ನಿಂತಿರುವುದು ಸಮುದ್ರ ಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಈ ಕೆಂಪುಕಲ್ಲು ಇಡ್ಲಿಯಂತೆ ತೂತು ತೂತು. ಬಿದ್ದ ನೀರನ್ನು ಕುಡಿದು ಕೆಳಕ್ಕೆ ಇಳಿಸುತ್ತದೆ. ಅದರ ಅಡಿಯಲ್ಲಿ ಗಟ್ಟಿ ಕರಿಕಲ್ಲಿನ ಪದರ. ನೀರು ಅದನ್ನು ದಾಟಲಾರದೆ ಅಡ್ಡಕ್ಕೆ ಹರಿದು ದಿಬ್ಬದ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಗುರುದ್ವಾರದ ನಾನಕ ಝೀರಾದಲ್ಲಿ ಕಲ್ಲಿನ ಸಂದಿಯಿಂದ ಬರುವ ಸಿಹಿ ನೀರನ್ನು ಸಿಖ್ಖರು, ಹಿಂದೂಗಳು, ನಾವು ಎಲ್ಲರೂ ಬಾಟಲಿಯಲ್ಲಿ ತುಂಬಿಕೊಂಡು ಬರುತ್ತೇವೆ. ಅಂದರೆ ದಿಬ್ಬದ ನೆತ್ತಿಯ ಮೇಲೆ ಮನೆ ಕಟ್ಟಿದವನ ಕಾಲ ಕೆಳಗೇ ನೀರಿದೆ; ಕೈಗೆ ಎಟುಕುವುದಿಲ್ಲ, ಅಷ್ಟೆ.

ನೆಲದೊಳಗಿನ ನೂಲು

ಎಟುಕಿಸಿಕೊಳ್ಳುವ ಉಪಾಯವನ್ನು ಬಲ್ಲವರು ಆರು ಶತಮಾನಗಳ ಹಿಂದೆ ಇಲ್ಲಿಗೆ ಬಂದಿದ್ದರು. 1420ರ ದಶಕದಲ್ಲಿ ಸುಲ್ತಾನ್ ಅಹ್ಮದ್ ಶಾಹ್ ವಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ರಾಜಧಾನಿಯೆಂದರೆ ಸೈನ್ಯ, ಕುದುರೆ, ಹಮ್ಮಾಮು, ಮಸೀದಿಯ ಹೌಜು, ಸಾವಿರಾರು ಅಡುಗೆ ಮನೆ. ಇಷ್ಟಕ್ಕೂ ನೀರು ಬೇಕಲ್ಲ! ಆ ಕಾಲದಲ್ಲಿ ಈರಾನಿನಿಂದ ವಿದ್ವಾಂಸರು, ವ್ಯಾಪಾರಿಗಳು, ಕುಶಲಕರ್ಮಿಗಳು ದಕ್ಖನಿಗೆ ಬರುತ್ತಿದ್ದರು. ಅವರ ನಾಡಿನ ಕಾರೇಝ್ ವಿದ್ಯೆ ಅವರೊಡನೆ ಬಂತು.

ಕಾರೇಝ್ ಎಂದರೇನೆಂದು ಹೇಳುತ್ತೇನೆ. ಎತ್ತರದ ಜಾಗದಲ್ಲಿ ನೀರಿನ ಸೆಲೆ ಸಿಗುವವರೆಗೆ ಒಂದು ಬಾವಿ ತೋಡುತ್ತಾರೆ. ಅದು ತಾಯಿ ಬಾವಿ. ಅದರ ತಳದಿಂದ ಇಳಿಜಾರಿನ ಕಡೆಗೆ ಅತಿ ಸ್ವಲ್ಪ ವಾಟದಲ್ಲಿ ಸುರಂಗ ಕೊರೆಯುತ್ತಾರೆ. ನಡುನಡುವೆ ಮೇಲಿಂದ ಬಾವಿಗಳನ್ನು ಇಳಿಸುತ್ತಾರೆ. ಅಗೆದ ಮಣ್ಣು ಎತ್ತಲು, ಗಾಳಿಯಾಡಲು, ಆಮೇಲೆ ನೀರು ಸೇದಲು ಅವೇ ಬಾಯಿ. ನೀವು ಬಟ್ಟೆಗೆ ಹೊಲಿಗೆ ಹಾಕುವಾಗ ನೂಲು ಕೆಳಗೆ ಓಡಿ ಅಲ್ಲಲ್ಲಿ ಮೇಲೆ ಕಾಣಿಸುತ್ತದಲ್ಲ, ಥೇಟ್ ಹಾಗೆ. ಮೋಟಾರ್ ಇಲ್ಲ, ಕರೆಂಟ್ ಬಿಲ್ ಇಲ್ಲ. ಬಿಸಿಲಿಗೆ ನೀರು ಆರುವುದೂ ಇಲ್ಲ.

ಬೀದರದಲ್ಲಿ ಇಂಥ ವ್ಯವಸ್ಥೆಗಳು ಮೂರು: ಹಳೆ ಊರಿನ ಜಮ್ನಾ ಮೋರಿ, ಶುಕ್ಲತೀರ್ಥ, ಮತ್ತು ಎಲ್ಲಕ್ಕಿಂತ ಹೆಸರುವಾಸಿಯಾದ ನೌಬಾದಿನ ಕಾರೇಝ್. ಊರವರು ಇದನ್ನು ಸುರಂಗ ಬಾವಿ ಎನ್ನುತ್ತಿದ್ದರೇ ಹೊರತು ಇದು ಏನೆಂದು ಬಲ್ಲವರು ಕಡಿಮೆ. ಕೇರಳದ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿ ಅವರು ಬಂದು ಸುರಂಗಕ್ಕೆ ಇಳಿದು ಅಳತೆ ಮಾಡಿ ತೋರಿಸಿದ ಮೇಲೆ ನಮಗೆ ನಮ್ಮ ಆಸ್ತಿಯ ಬೆಲೆ ತಿಳಿಯಿತು. ಹೊರಗಿನವರು ಬಂದು ಹೇಳಬೇಕಾಯಿತಲ್ಲ ಎಂದು ನನಗೆ ನಾಚಿಕೆಯಾದದ್ದು ಸುಳ್ಳಲ್ಲ. 2015ರ ಸುಮಾರಿಗೆ ಹೂಳೆತ್ತುವ ಕೆಲಸ ನಡೆಯಿತು. ಆಗಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿ 2016ರ ಬರದಲ್ಲಿ ಹಳೆಯ ಬಾವಿ, ಕೆರೆಗಳ ಹೂಳನ್ನೂ ತೆಗೆಸಿದರು. 2017ರಲ್ಲಿ ಅವರು ಅಕಾಲ ಮರಣಕ್ಕೆ ತುತ್ತಾದಾಗ ಬೀದರದಲ್ಲಿ ಮರುಗಿದವರು ಅನೇಕರು. ನಮ್ಮ ದಕ್ಖನಿನ ಹಳೆಯ ಜಲವ್ಯವಸ್ಥೆಗಳನ್ನು ವಿಶ್ವ ಸ್ಮಾರಕ ನಿಧಿ ತನ್ನ 2020ರ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಪಾಯ ಎಲ್ಲಿಂದ ಎನ್ನುತ್ತೀರಾ? ಬರದಿಂದಲ್ಲ, ಪ್ಲಾಟಿನಿಂದ. ಸುರಂಗ ಹೋಗುವ ದಾರಿ ಮೇಲಿನಿಂದ ಕಾಣುವುದಿಲ್ಲ. ಬಾವಿಯ ಬಾಯಿಗೆ ಕಲ್ಲು, ಕಸ ತುಂಬಿ ಸಮಮಾಡಿದರೆ ಒಂದು ಸೈಟು ಹೆಚ್ಚು ಸಿಗುತ್ತದೆ. ಪಕ್ಕದಲ್ಲಿ ಶೌಚದ ಗುಂಡಿ ತೋಡಿದರೆ ತೂತು ಕಲ್ಲಿನಲ್ಲಿ ಅದು ಎಲ್ಲಿಗೆ ಇಳಿಯುತ್ತದೆಂದು ಊಹಿಸಿಕೊಳ್ಳಿ. ಇನ್ನು ಮನೆಗೊಂದು ಕೊಳವೆ ಬಾವಿ. ಗಟ್ಟಿ ಕಲ್ಲನ್ನೂ ಸೀಳಿ ಇಳಿದ ಬೋರ್ ಸುತ್ತಲಿನ ಸೆಲೆಯನ್ನು ತನ್ನತ್ತ ಎಳೆದರೆ ಸುರಂಗದಲ್ಲಿ ಉಳಿಯುವುದೇನು?

ಹಳೆ ಊರಿನಲ್ಲಿ ಮಹ್ಮೂದ್ ಗವಾನ್ ಮದ್ರಸದ ಮುಂದೆ ನಿಂತಾಗಲೆಲ್ಲ ಈ ಯೋಚನೆ ಬರುತ್ತದೆ. ಈರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ವಝೀರನಾದ ಆ ಮನುಷ್ಯ 1472ರಲ್ಲಿ ಮೂರು ಅಂತಸ್ತಿನ ವಿದ್ಯಾಲಯ ಕಟ್ಟಿಸಿದ. ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳಿಗೆ ಕೋಣೆ ಎಲ್ಲವೂ ಅದರಲ್ಲಿತ್ತು. 1481ರಲ್ಲಿ ವಿರೋಧಿಗಳ ಸುಳ್ಳು ಪತ್ರವನ್ನು ನಂಬಿದ ಸುಲ್ತಾನ ಅವನ ತಲೆ ಕಡಿಸಿದ. ಔರಂಗಝೇಬನ ಕಾಲದಲ್ಲಿ, 1696ರಲ್ಲಿ, ಅಲ್ಲಿ ಶೇಖರಿಸಿಟ್ಟಿದ್ದ ಮದ್ದು ಸಿಡಿದು ಒಂದು ಮಿನಾರ್ ಸಹಿತ ಮುಂಭಾಗ ಹಾರಿಹೋಯಿತು. ಅರ್ಧ ಕಟ್ಟಡ ಇಂದಿಗೂ ಹಾಗೆಯೇ ನಿಂತಿದೆ. ಬೇರೆ ಬೇರೆ ಊರಿನ ವಿದ್ಯಾರ್ಥಿಗಳು ಬೀದರಕ್ಕೆ ಓದಲು ಬರುವುದು ಹೊಸತೇನಲ್ಲ ಎಂದು ಆ ಗೋಡೆಯ ನೀಲಿ ಹೆಂಚುಗಳು ಹೇಳುತ್ತವೆ. ಅಂದು ಬಂದ ವಿದ್ಯಾರ್ಥಿಗೆ ವುಝೂವಿನ ನೀರು ನೆಲದೊಳಗಿಂದ ಬರುತ್ತಿತ್ತು. ಇಂದು ಹಾಸ್ಟೆಲಿಗೆ ಟ್ಯಾಂಕರಿನಲ್ಲಿ ಬರುತ್ತದೆ.

ಭಾಲ್ಕಿಯ ನೀರು, ಔರಾದದ ಬಿಸಿಲು

ನಗರದ ನಳಕ್ಕೆ ನೀರು ಬರುವುದು ಮುಖ್ಯವಾಗಿ ಕಾರಂಜಾ ಜಲಾಶಯದಿಂದ. ಅದು ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಇದೆ. 1970ರ ದಶಕದಲ್ಲಿ ಕೈಗೆತ್ತಿಕೊಂಡ ಯೋಜನೆ, 7.69 ಟಿಎಂಸಿ ಸಾಮರ್ಥ್ಯ. ಬೀದರದವರು ಲೋಟ ಎತ್ತಿ ಕುಡಿಯುವಾಗ ಅದರ ಹಿಂದೆ ಹೊಲ, ಮನೆ ಮುಳುಗಿಸಿಕೊಂಡ ಕುಟುಂಬಗಳಿವೆ ಎಂಬುದನ್ನು ನೆನೆಯುವುದು ಅಪರೂಪ. ನ್ಯಾಯವಾದ ಪರಿಹಾರಕ್ಕಾಗಿ ಆ ರೈತರು 2022ರಲ್ಲಿ ಬೀದರದಲ್ಲಿ ಧರಣಿ ಕುಳಿತರು, ಅದು ವರ್ಷಗಟ್ಟಲೆ ನಡೆಯಿತು. ಭಾಲ್ಕಿಗೆ ಹೋದರೆ ಹಿರೇಮಠವನ್ನೂ ನೋಡಿ ಬನ್ನಿ. ನಿಝಾಮರ ಆಡಳಿತದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಜಾಗ ಅದು. ಎರಡೂ ಭಾಷೆಯಲ್ಲಿ ಪಾಠ ಹೇಳುವ ನನಗೆ ಆ ಕಥೆ ಕೇಳಿ ನಗುವೂ ಬರುತ್ತದೆ, ಗೌರವವೂ ಮೂಡುತ್ತದೆ.

ಔರಾದದ ಕಡೆ ಮಾತೇ ಬೇರೆ. ಕಪ್ಪು ಮಣ್ಣು, ತೊಗರಿ, ಉದ್ದು, ಸೋಯಾ. ಮಳೆ ನಂಬಿದ ಬೇಸಾಯ. ಮಳೆ ಕೈಕೊಟ್ಟ ವರ್ಷ ಗಂಡಸರು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗುತ್ತಾರೆ. ಹಳ್ಳಿಯಲ್ಲಿ ಉಳಿಯುವುದು ಅತ್ತೆ, ಸೊಸೆ, ಮಕ್ಕಳು ಮತ್ತು ದೂರದ ಬಾವಿ. ಕೆಲವರು ಇಡೀ ಸಂಸಾರ ಕಟ್ಟಿಕೊಂಡು ಬೀದರಕ್ಕೆ ಬಂದು ನೌಬಾದಿನ ಆಚೆ ಒಂದು ಕೋಣೆ ಬಾಡಿಗೆ ಹಿಡಿಯುತ್ತಾರೆ. "ಅಲ್ಲಿ ಬಾವಿಗೆ ನಡೆಯಬೇಕಿತ್ತು, ಇಲ್ಲಿ ಟ್ಯಾಂಕರಿಗೆ ಕಾಯಬೇಕು ಆಪಾ, ಆದರೆ ಮಕ್ಕಳಿಗೆ ಶಾಲೆಯಿದೆ," ಎಂದು ಔರಾದದ ಕಡೆಯ ಒಬ್ಬ ತಾಯಿ ನನಗೆ ಹೇಳಿದರು. ನಗರ ಏಕೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ಉತ್ತರವನ್ನು ನಾನು ಎಲ್ಲೂ ಓದಿಲ್ಲ.

ನೆರೆಯ ಲಾತೂರಿನ ಸಂಗತಿ ನಿಮಗೆ ನೆನಪಿರಬಹುದು. ಆ ಊರಿಗೆ ನೀರು ಕೊಡುತ್ತಿದ್ದ ಮಾಂಜ್ರಾ ಅಣೆಕಟ್ಟು ಬತ್ತಿತು. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಮೊದಲ ರೈಲಿನ ಹತ್ತು ವ್ಯಾಗನ್‌ಗಳಲ್ಲಿ ಬಂದದ್ದು 5 ಲಕ್ಷ ಲೀಟರ್. ಆ ಮಾಂಜ್ರಾ ಲಾತೂರು ದಾಟಿ ಹರಿದು ಬರುವುದು ನಮ್ಮ ಬೀದರ ಜಿಲ್ಲೆಗೇ. ನಮ್ಮ ಕಾರಂಜಾ ಸೇರುವುದೂ ಅದನ್ನೇ.

ಮನೆಯೊಳಗಿನ ಲೆಕ್ಕ

ನಮ್ಮ ಪ್ರವಾದಿಯವರು(ಸ) ಒಂದು ಮುದ್ದ್, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸಿನಲ್ಲಿದೆ. ಹುಡುಗಿಯರಿಗೆ ಒಮ್ಮೆ ಒಂದು ಲೀಟರ್ ಬಾಟಲಿ ಕೊಟ್ಟು, ಇಷ್ಟರಲ್ಲೇ ವುಝೂ ಮಾಡಿ ಎಂದೆ. ಎಲ್ಲರಿಗೂ ಸಾಧ್ಯವಾಯಿತು, ಕೆಲವರ ಬಾಟಲಿಯಲ್ಲಿ ಉಳಿಯಿತು ಕೂಡ. ಆದರೆ ನಳ ತಿರುಗಿಸಿ ವುಝೂ ಮಾಡುವಾಗ ಕೆಳಗೆ ಬಕೆಟ್ ಇಟ್ಟು ನೋಡಿದರೆ ಅರ್ಧ ಬಕೆಟ್ ತುಂಬಿತ್ತು! ಮಸೀದಿಯ ವುಝೂ ನೀರನ್ನು ಇಂಗುಗುಂಡಿಗೆ ಬಿಡುವುದು ಕಷ್ಟದ ಕೆಲಸವಲ್ಲ. ಕಮಿಟಿಯಲ್ಲಿ ಕುಳಿತಿರುವ ನಿಮ್ಮ ಪತಿಗೋ ಮಾವನಿಗೋ ಈ ಮಾತು ಹಾಕಬಾರದೇಕೆ?

ಇದು ಹೆಂಗಸರ ಮಾತಲ್ಲ ಎನ್ನುವವರಿಗೆ ಖಲೀಫಾ ಹಾರೂನ್ ರಶೀದರ ಪತ್ನಿ ಝುಬೈದಾರನ್ನು ನೆನಪಿಸಬಹುದು. ಹಜ್ಜಾಜ್‌ಗಳ ಬಾಯಾರಿಕೆ ಕಂಡು ಸ್ವಂತ ಹಣದಿಂದ ಮಕ್ಕಾಕ್ಕೆ ಕಾಲುವೆ ತರಿಸಿದವರು ಅವರು. ಅದು ಶತಮಾನಗಳ ಕಾಲ ಐನ್ ಝುಬೈದಾ ಎಂಬ ಹೆಸರಿನಲ್ಲೇ ಹರಿಯಿತು. ಮದೀನಾದಲ್ಲಿ ನೀರನ್ನು ಮಾರುತ್ತಿದ್ದವನಿಂದ ರೂಮಾ ಬಾವಿಯನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟ ಹಝ್ರತ್ ಉಸ್ಮಾನ್(ರ)ರ ಕಥೆಯಂತೂ ಮಕ್ಕಳಿಗೆಲ್ಲ ಗೊತ್ತು. ನೌಬಾದಿನಲ್ಲಿ ಸೈಟು ಕೊಳ್ಳುವವರು ಕಾಗದ ಪತ್ರದ ಜೊತೆಗೆ, ಇದರ ಅಡಿಯಲ್ಲೋ ಪಕ್ಕದಲ್ಲೋ ಕಾರೇಝ್ ಬಾವಿ ಇದೆಯೇ ಎಂದೂ ಕೇಳಿದರೆ ಏನು ಕಳೆದುಕೊಳ್ಳುತ್ತಾರೆ? ಸೈಟು ನೋಡಲು ಹೋಗುವಾಗ ಈಗೀಗ ಹೆಂಗಸರೂ ಹೋಗುತ್ತಾರೆ, ಅಡುಗೆ ಮನೆ ಎಲ್ಲಿ ಬರುತ್ತದೆಂದು ನೋಡಲು. ಕೇಳುವವರು ನಾವೇ ಆಗಬಹುದು.

ಕಳೆದ ಚಳಿಗಾಲದಲ್ಲಿ ತರಗತಿಯ ಹುಡುಗಿಯರನ್ನು ನೌಬಾದಿನ ಕಾರೇಝ್ ತೋರಿಸಲು ಕರೆದೊಯ್ದಿದ್ದೆ. ಒಂದು ಬಾವಿಯ ಬಾಯಿಯ ಬಳಿ ನಿಂತು ಸಣ್ಣ ಕಲ್ಲು ಹಾಕಿದರು. ಒಂದು, ಎರಡು ಎಂದು ಎಣಿಸುವಷ್ಟರಲ್ಲಿ ಕೆಳಗಿನಿಂದ ಬುಳುಕ್ ಎಂದು ಸದ್ದು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾರಕ್ಕೆರಡು ಸಲ ತಡವಾಗಿ ಬರುವ ಹುಡುಗಿಯೊಬ್ಬಳು ಮಾತ್ರ ಬಾವಿಗಳ ಸಾಲನ್ನೇ ನೋಡುತ್ತ ನಿಂತಿದ್ದಳು. ಅವಳ ಬಾಡಿಗೆ ಮನೆ ಅದೇ ಸಾಲಿನ ಕೊನೆಯ ಲೇಔಟಿನಲ್ಲಿ. "ಆಪಾ, ಇದು ನಮ್ಮ ಮನೆಯ ಕೆಳಗೂ ಹೋಗುತ್ತದೆಯೇ?" ಎಂದು ಕೇಳಿದಳು. ಇರಬಹುದು ಎಂದೆ. ಮುಂದೇನೋ ಹೇಳಬೇಕೆನ್ನುವಷ್ಟರಲ್ಲಿ ಅವಳು ಚೀಲ ಹೆಗಲಿಗೇರಿಸಿದ್ದಳು. ಅಂದು ಅವರ ಓಣಿಗೆ ನೀರು ಬಿಡುವ ದಿನವಾಗಿತ್ತು.