ನಿಮಗಿದು ಗೊತ್ತೇ? ಅಮೆರಿಕದ ಶಾಲಾ ಮಂಡಳಿ ಚುನಾವಣೆ

ಅಮೆರಿಕದ ಚುನಾವಣೆ ಎಂದರೆ ನಮ್ಮ ಪತ್ರಿಕೆಗಳಿಗೆ ಶ್ವೇತಭವನವೊಂದೇ. ಅಲ್ಲಿನ ಮತಪತ್ರದಲ್ಲಿ ಅಧ್ಯಕ್ಷರ ಹೆಸರಿನಿಂದ ಕೆಳಕ್ಕಿಳಿಯುತ್ತ ಹೋದರೆ, ಹೆಚ್ಚಿನವರು ಓದುವ ಗೋಜಿಗೂ ಹೋಗದ ಜಾಗದಲ್ಲಿ, ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿಯ ಅಭ್ಯರ್ಥಿಗಳಿರುತ್ತಾರೆ. ಯಾರಿಗೆ ಮತವಿರಬೇಕು, ಯಾರಿಗೆ ಇರಬಾರದು ಎಂಬ ಜಗಳವನ್ನು ಆ ದೇಶ ಅತ್ಯಂತ ಬಿರುಸಾಗಿ ಆಡಿದ್ದು ಈ ಕೆಳಸಾಲಿನಲ್ಲೇ ಎಂದು ನಾನು ನಂಬುತ್ತೇನೆ.

● ಅಮೆರಿಕದಲ್ಲಿ ಇಂಥ ಮಂಡಳಿಗಳು ನಡೆಸುವ ಸುಮಾರು 13,000 ಶಾಲಾ ಡಿಸ್ಟ್ರಿಕ್ಟ್‌ಗಳಿವೆ. ಹಲವೆಡೆ ಪಟ್ಟಣಕ್ಕೊಂದು; ದಕ್ಷಿಣದ ಅನೇಕ ರಾಜ್ಯಗಳಲ್ಲಿ ಇಡೀ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಘಟಕಕ್ಕೆ, ಒಂದೇ. ಫ್ಲಾರಿಡಾದಲ್ಲಿ ಕೌಂಟಿಗಳು 67, ಡಿಸ್ಟ್ರಿಕ್ಟ್‌ಗಳೂ 67. ವೆಸ್ಟ್ ವರ್ಜೀನಿಯಾದಲ್ಲಿ 55ಕ್ಕೆ 55. ಹವಾಯಿಯಲ್ಲಿ ಮಾತ್ರ ಇಡೀ ರಾಜ್ಯವೇ ಒಂದು ಡಿಸ್ಟ್ರಿಕ್ಟ್, ಅಲ್ಲಿ ಸ್ಥಳೀಯ ಮಂಡಳಿಗೆ ಚುನಾವಣೆಯೇ ಇಲ್ಲ.

● ನಮ್ಮಲ್ಲಿ ಡಿಡಿಪಿಐ ಸರ್ಕಾರದ ಆದೇಶ ಹಿಡಿದು ಜಿಲ್ಲೆಗೆ ಬರುತ್ತಾರೆ. ಅಲ್ಲಿ ಅದೇ ಬಗೆಯ ಅಧಿಕಾರಿಯಾದ ಸೂಪರಿಂಟೆಂಡೆಂಟರನ್ನು ಹುಡುಕಿ, ಸಂಬಳ ಗೊತ್ತುಮಾಡಿ, ಬೇಡವಾದರೆ ಕಳುಹಿಸಿಕೊಡುವುದು ಚುನಾಯಿತ ಮಂಡಳಿ. ಫ್ಲಾರಿಡಾ ಮತ್ತು ಅಲಬಾಮಾದ ಹಲವು ಕೌಂಟಿಗಳಲ್ಲಂತೂ ಆ ಹುದ್ದೆಗೂ ಜನರೇ ಮತ ಹಾಕುತ್ತಾರೆ.

● ಅಮೆರಿಕದ ಮಹಿಳೆಯರಿಗೆ ದೇಶದುದ್ದಕ್ಕೂ ಮತದ ಹಕ್ಕು ಸಿಕ್ಕಿದ್ದು 1920ರಲ್ಲಿ. ಕೆಂಟಕಿ ರಾಜ್ಯ 1838ರಷ್ಟು ಹಿಂದೆಯೇ, ಹಳ್ಳಿಗಾಡಿನ ಶಾಲಾ ಚುನಾವಣೆಯಲ್ಲಿ ಮತ ಹಾಕಲು ತೆರಿಗೆ ಕಟ್ಟುವ ವಿಧವೆಯರಿಗೂ ಅವಿವಾಹಿತೆಯರಿಗೂ ಅವಕಾಶ ಕೊಟ್ಟಿತ್ತು. ಮಹಿಳೆಯರ ಶಾಲಾ ಮತವನ್ನು ಅದೇ ರಾಜ್ಯ 1902ರಲ್ಲಿ ಕಿತ್ತುಕೊಂಡಿತು. ಲೆಕ್ಸಿಂಗ್ಟನ್ ನಗರದಲ್ಲಿ ಕಪ್ಪು ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಮತಗಟ್ಟೆಗೆ ಬಂದದ್ದು ಬಿಳಿಯ ರಾಜಕಾರಣಿಗಳಿಗೆ ಸಹಿಸಲಾಗಲಿಲ್ಲ.

● ‘ಲಿಟಲ್ ವಿಮೆನ್’ ಬರೆದ ಲೂಯಿಸಾ ಮೇ ಆಲ್ಕಾಟ್ ಜೀವನದ ಮೊದಲ ಮತ ಹಾಕಿದ್ದು ಶಾಲಾ ಸಮಿತಿಗೆ, 1880ರ ಮಾರ್ಚ್‌ನಲ್ಲಿ, ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನ ಸಭೆಯಲ್ಲಿ. ಅಂದು ಬಂದ ಮಹಿಳೆಯರು 20 ಮಂದಿ. ಅವರು ಹಾಕಿ ಮುಗಿಸಿದ ಕೂಡಲೇ ಸಭೆ ಮತದಾನ ಮುಗಿಯಿತೆಂದು ತೀರ್ಮಾನಿಸಿತು. ಒಬ್ಬ ಗಂಡಸೂ ಹಾಕಲಿಲ್ಲ.

● ಬಾಡಿಗೆದಾರನಲ್ಲ, ಮನೆಯೊಡೆಯನಲ್ಲ, ಮಕ್ಕಳಿಲ್ಲ. ಅಪ್ಪ ಅಮ್ಮನ ಮನೆಯಲ್ಲಿದ್ದ ನ್ಯೂಯಾರ್ಕ್ ರಾಜ್ಯದ ಒಬ್ಬ ಬ್ರಹ್ಮಚಾರಿಗೆ ಈ ಕಾರಣಕ್ಕೆ ಶಾಲಾ ಚುನಾವಣೆಯಲ್ಲಿ ಮತವಿರಲಿಲ್ಲ. ಅವರು ಮೊಕದ್ದಮೆ ಹೂಡಿದರು. ಶಾಲೆಯ ಗುಣಮಟ್ಟ ಊರಿನ ಎಲ್ಲರಿಗೂ ಸಂಬಂಧಿಸಿದ್ದು ಎಂಬ ಅವರ ವಾದ ಗೆದ್ದಿತು. 1969ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ರದ್ದು ಮಾಡಿತು.

● ಜಾರ್ಜಿಯಾದ ಟಾಲಿವರ್ ಕೌಂಟಿಯ ಕಥೆ ಇನ್ನೂ ಕಹಿ. ಜನಸಂಖ್ಯೆಯಲ್ಲಿ ನೂರಕ್ಕೆ ಅರವತ್ತರಷ್ಟು ಕಪ್ಪು ಜನ. ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದವರು ಬರೀ ಕಪ್ಪು ಮಕ್ಕಳು. ಆ ಶಾಲೆಗಳನ್ನು ಆಳುತ್ತಿದ್ದ ಮಂಡಳಿಯಲ್ಲಿ ಇದ್ದವರೆಲ್ಲ ಬಿಳಿಯರು! ಅಲ್ಲಿ ಮಂಡಳಿಗೆ ಚುನಾವಣೆ ಇರಲಿಲ್ಲ, ಗ್ರ್ಯಾಂಡ್ ಜ್ಯೂರಿ ಎಂಬ ನಾಗರಿಕರ ಸಮಿತಿ ಆರಿಸುತ್ತಿತ್ತು. ಜೊತೆಗೆ ಸದಸ್ಯನಾಗಲು ಸ್ವಂತ ಜಮೀನಿರಬೇಕೆಂಬ ನಿಯಮ. ಆ ಜಮೀನಿನ ನಿಯಮವನ್ನು ಸುಪ್ರೀಂ ಕೋರ್ಟ್ 1970ರಲ್ಲಿ ಹೊಡೆದುಹಾಕಿತು.

● ಅದೇ ಜಾರ್ಜಿಯಾದ ಸಮ್ಟರ್ ಕೌಂಟಿ ಶಾಲಾ ಮಂಡಳಿಯ ಸದಸ್ಯರೊಬ್ಬರು ಕೌಂಟಿ ಮತ್ತು ಪಟ್ಟಣದ ಶಾಲೆಗಳನ್ನು ಒಂದುಗೂಡಿಸುವ ಯೋಜನೆಯ ಪರ ಓಡಾಡಿ, 1961ರ ಜನಮತದಲ್ಲಿ ಸೋತರು. ಮರುವರ್ಷ ರಾಜ್ಯದ ಸೆನೆಟ್‌ಗೆ ನಿಂತು ಗೆದ್ದರು. ಅವರು ಜಿಮ್ಮಿ ಕಾರ್ಟರ್.

● ಈಗ ವರ್ಜೀನಿಯಾ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಕೌಂಟಿ, ಆ ರಾಜ್ಯದಲ್ಲಿ ಶಾಲಾ ಮಂಡಳಿಯನ್ನು ಜನರೇ ಆರಿಸುವ ಹಕ್ಕು ಪಡೆದ ಮೊದಲ ಕೌಂಟಿ, 1947ರ ಮಾತು. ಬಿಳಿಯ ಮಕ್ಕಳನ್ನೂ ಕಪ್ಪು ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂರಿಸುವ ಯೋಜನೆಯನ್ನು ಆ ಮಂಡಳಿ 1956ರಲ್ಲಿ ಪ್ರಕಟಿಸಿತು. ರಾಜ್ಯದ ಶಾಸನಸಭೆ ತಕ್ಷಣ ಆರ್ಲಿಂಗ್ಟನ್ನಿನ ಚುನಾವಣೆಯ ಹಕ್ಕನ್ನೇ ಕಸಿದುಕೊಂಡಿತು. ಆದರೂ 1959ರ ಫೆಬ್ರವರಿ 2ರಂದು ನಾಲ್ಕು ಕಪ್ಪು ಮಕ್ಕಳು ಅದೇ ಕೌಂಟಿಯ ಸ್ಟ್ರಾಟ್‌ಫರ್ಡ್ ಶಾಲೆಯ ಮೆಟ್ಟಿಲು ಹತ್ತಿದರು.

ಅದೇ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ನಡೆದದ್ದನ್ನು ಓದುವಾಗ ಇಂದಿಗೂ ಸಂಕಟವಾಗುತ್ತದೆ. 180 ವಿದ್ಯಾರ್ಥಿಗಳಿಗೆಂದು ಕಟ್ಟಿದ ಮೋಟನ್ ಹೈಸ್ಕೂಲಿನಲ್ಲಿ 450ಕ್ಕೂ ಹೆಚ್ಚು ಕಪ್ಪು ಮಕ್ಕಳು. ಜಾಗ ಸಾಲದೆ ಅಂಗಳದಲ್ಲಿ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳು. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ಇಡೀ ಶಾಲೆಯನ್ನು ಮುಷ್ಕರಕ್ಕೆ ಎಬ್ಬಿಸಿದಳು. ಅದರ ಬೆನ್ನಲ್ಲೇ ಕೌಂಟಿಯ ಶಾಲಾ ಮಂಡಳಿಯ ಮೇಲೆ ಹೂಡಿದ ಮೊಕದ್ದಮೆ, ಶಾಲೆಗಳಲ್ಲಿ ವರ್ಣಭೇದ ಕೂಡದು ಎಂದ 1954ರ ಬ್ರೌನ್ ತೀರ್ಪಿನೊಳಗೆ ಸೇರಿಕೊಂಡ ಪ್ರಕರಣಗಳಲ್ಲಿ ಒಂದು. ತೀರ್ಪು ಪಾಲಿಸಲೇಬೇಕಾಗಿ ಬಂದಾಗ ಕೌಂಟಿಯ ಆಡಳಿತ 1959ರಲ್ಲಿ ಶಾಲೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿತು. ಒಂದಲ್ಲ, ಐದು ವರ್ಷ ಸರ್ಕಾರಿ ಶಾಲೆಗಳ ಬಾಗಿಲು ಮುಚ್ಚಿತ್ತು. ಬಿಳಿಯ ಮಕ್ಕಳಿಗೆ ಖಾಸಗಿ ಅಕಾಡೆಮಿ ಎದ್ದು ನಿಂತಿತು. ಸುಮಾರು 1,700 ಕಪ್ಪು ಮಕ್ಕಳಿಗೆ ಊರಿನಲ್ಲಿ ಶಾಲೆಯೇ ಇರಲಿಲ್ಲ. ಬಾಗಿಲು ತೆರೆಸಲು 1964ರಲ್ಲಿ ಮತ್ತೊಮ್ಮೆ ಸುಪ್ರೀಂ ಕೋರ್ಟೇ ಬರಬೇಕಾಯಿತು.

● ಶಾಲಾ ಮಂಡಳಿಗೆ ಚುನಾವಣೆ ನಡೆಸಲು ವರ್ಜೀನಿಯಾದ ಕೌಂಟಿಗಳಿಗೆ ಮತ್ತೆ ದಾರಿ ತೆರೆದದ್ದು 1992ರ ಕಾನೂನು. ಫೇರ್‌ಫ್ಯಾಕ್ಸ್ ಕೌಂಟಿ ತನ್ನ ಮೊದಲ ಮಂಡಳಿಯನ್ನು ಆರಿಸಿದ್ದು 1995ರಲ್ಲಿ. ಇಂದು ಅಲ್ಲಿ 12 ಸ್ಥಾನ: ಒಂಬತ್ತು ಕ್ಷೇತ್ರವಾರು, ಮೂರು ಇಡೀ ಕೌಂಟಿಗೆ. ಆದರೆ ತೆರಿಗೆ ಹಾಕುವ ಅಧಿಕಾರ ಮಂಡಳಿಗಿಲ್ಲ. ಕೌಂಟಿಯ ಆಡಳಿತ ಮಂಡಳಿ ಕೊಟ್ಟ ಹಣದಲ್ಲೇ ಶಾಲೆ ನಡೆಸಬೇಕು. ಪ್ರಿನ್ಸ್ ಎಡ್ವರ್ಡ್‌ನಲ್ಲಿ ಬೀಗ ಬಿದ್ದದ್ದು ಇದೇ ಹಣದ ಕೀಲಿಯಿಂದ ಎಂಬುದನ್ನು ಮರೆಯಬಾರದು.

● ಪಠ್ಯಪುಸ್ತಕದ ಗಲಾಟೆ ನಮಗೆ ಹೊಸದಲ್ಲ. 1974ರಲ್ಲಿ ವೆಸ್ಟ್ ವರ್ಜೀನಿಯಾದ ಕನಾವಾ ಕೌಂಟಿಯಲ್ಲಿ ಅದು ಡೈನಮೈಟ್‌ವರೆಗೆ ಹೋಯಿತು. ಐವರ ಮಂಡಳಿ ಹೊಸ ಭಾಷಾ ಪುಸ್ತಕಗಳಿಗೆ 3–2ರಿಂದ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಶಾಲೆ ತೆರೆದಾಗ ಸಾವಿರಾರು ಮಕ್ಕಳನ್ನು ತಂದೆತಾಯಂದಿರು ಮನೆಯಲ್ಲೇ ಉಳಿಸಿಕೊಂಡರು, ಕಲ್ಲಿದ್ದಲು ಗಣಿಯವರು ಕೆಲಸ ನಿಲ್ಲಿಸಿದರು. ಅಕ್ಟೋಬರ್ ಕೊನೆಗೆ ಮಂಡಳಿಯ ಕಚೇರಿಯಲ್ಲೇ ಸ್ಫೋಟವಾಯಿತು.

● ಹೆಚ್ಚಿನ ಕಡೆ ಈ ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ ಪಕ್ಷವನ್ನೂ ನಮೂದಿಸೋಣ ಎಂದು ಫ್ಲಾರಿಡಾದಲ್ಲಿ 2024ರ ನವೆಂಬರ್‌ನಲ್ಲಿ ಜನಮತ ಕೇಳಿದರು. ಬೇಕಿದ್ದದ್ದು ಶೇ. 60, ಸಿಕ್ಕಿದ್ದು ಶೇ. 55ರಷ್ಟು. ಬಿದ್ದುಹೋಯಿತು. ಶಾಲೆಯ ಬಸ್ಸು ಯಾವ ರಸ್ತೆಗೆ ಬರಬೇಕು ಎಂಬುದಕ್ಕೆ ಪಕ್ಷ ಬೇಕಿಲ್ಲ, ಆದ್ದರಿಂದ ಅದು ಬಿದ್ದದ್ದೇ ಸರಿ ಎನ್ನುವವನು ನಾನು.

● ವಿದ್ಯಾರ್ಥಿಗಳೇ ಮಂಡಳಿಯಲ್ಲಿ ಕೂರುವುದುಂಟೇ? ಉಂಟು. ಮೇರಿಲ್ಯಾಂಡ್‌ನ ಮಾಂಟ್ಗೊಮೆರಿ ಕೌಂಟಿಯಲ್ಲಿ ಮಿಡ್ಲ್ ಸ್ಕೂಲ್ ಮತ್ತು ಹೈಸ್ಕೂಲಿನ ಮಕ್ಕಳು ತಮ್ಮಲ್ಲೊಬ್ಬರನ್ನು ಒಂದು ವರ್ಷಕ್ಕೆ ಆರಿಸಿ ಕಳುಹಿಸುತ್ತಾರೆ. ಪಕ್ಕದ ಹೊವಾರ್ಡ್ ಕೌಂಟಿಯಲ್ಲಿ, ಕೋವಿಡ್ ಕಾಲದಲ್ಲಿ ಶಾಲೆ ತೆರೆಯುವ ಪ್ರಶ್ನೆ ಬಂದಾಗ ವಿದ್ಯಾರ್ಥಿ ಸದಸ್ಯರ ಮತ ಸೇರಿ 4–4 ಆಗಿ ನಿರ್ಣಯ ಬಿತ್ತು. ಸಿಟ್ಟಾದ ಪೋಷಕರು ನ್ಯಾಯಾಲಯಕ್ಕೆ ಹೋದರು. ವಿದ್ಯಾರ್ಥಿಯ ಮತ ಸಂವಿಧಾನಬದ್ಧ ಎಂದು ಮೇರಿಲ್ಯಾಂಡ್‌ನ ಅತ್ಯುನ್ನತ ನ್ಯಾಯಾಲಯ 2022ರಲ್ಲಿ ತೀರ್ಪು ಕೊಟ್ಟಿತು.

● ಕ್ಯಾಲಿಫೋರ್ನಿಯಾದ ಬರ್ಕ್ಲಿ ಮತ್ತು ಓಕ್‌ಲ್ಯಾಂಡ್‌ನಲ್ಲಿ 16 ತುಂಬಿದವರು 2024ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಶಾಲಾ ಮಂಡಳಿಗೆ ಮತ ಹಾಕಿದರು. ನ್ಯೂಜೆರ್ಸಿಯ ನ್ಯೂಅರ್ಕ್ 2025ರಲ್ಲಿ ಅದೇ ದಾರಿ ಹಿಡಿಯಿತು.

● ಕೊನೆಯದು, ಮಕ್ಕಳು ಮೊಮ್ಮಕ್ಕಳು ಅಲ್ಲಿರುವ ಕನ್ನಡದ ಮನೆಗಳಿಗೆ. ನಗರವೂ ಕೌಂಟಿಯೂ ಒಂದೇ ಆಗಿರುವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೌರತ್ವವಿಲ್ಲದ ತಂದೆತಾಯಿಯೂ ಶಾಲಾ ಮಂಡಳಿಗೆ ಮತ ಹಾಕಬಹುದು. ಮಗುವಿಗೆ 19 ತುಂಬಿರಬಾರದು, ಅದೇ ನಗರದಲ್ಲಿರಬೇಕು. 2016ರ ಜನಮತದಲ್ಲಿ ಒಪ್ಪಿಗೆಯಾಗಿ 2018ರಲ್ಲಿ ಜಾರಿಗೆ ಬಂದ ಈ ಹಕ್ಕನ್ನು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಹೆಸರು ನೋಂದಾಯಿಸುವ ಮುನ್ನ ವಲಸೆ ವಕೀಲರನ್ನು ಕೇಳಿ; ಆ ಮಾಹಿತಿ ವಲಸೆ ಇಲಾಖೆಯ ಕೈಗೆ ಸಿಗಬಹುದೆಂದು ನಗರವೇ ಎಚ್ಚರಿಸುತ್ತದೆ. ಕೊಲ್ಲಿ ದಾಟಿ ಫ್ರೀಮಾಂಟ್‌ಗೆ ಬಂದರೆ ಈ ಹಕ್ಕಿಲ್ಲ, ಅಲ್ಲಿ ಮತ ಹಾಕಲು ಹೋದರೆ ವೀಸಾಕ್ಕೇ ಕುತ್ತು. ಮಂಡಳಿಯ ಬಹಿರಂಗ ಸಭೆಗೆ ಹೋಗಿ ಮೈಕಿನ ಮುಂದೆ ನಿಂತು ಮಗುವಿನ ಶಾಲೆಯ ಬಗ್ಗೆ ಎರಡು ಮಾತು ಆಡುವುದಕ್ಕೆ ಮಾತ್ರ ಎರಡೂ ಕಡೆ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ.