ಅಂಗಳದ ನಿತ್ಯಪುಷ್ಪ, ಆಸ್ಪತ್ರೆಯ ವಿಂಕ್ರಿಸ್ಟೀನ್

ನೀರು ಹಾಕದಿದ್ದರೂ ಹೂ ಬಿಡುವ, ದನ ಬಾಯಿ ಹಾಕದ ಗಿಡ ನಿತ್ಯಪುಷ್ಪ. ಕಾಶಿ ಕಣಗಿಲೆ ಎಂದೂ ಇದಕ್ಕೆ ಹೆಸರುಂಟು. ರಕ್ತದ ಕ್ಯಾನ್ಸರಿಗೂ ದುಗ್ಧರಸ ಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾಕ್ಕೂ ಕೊಡುವ ವಿಂಕ್ರಿಸ್ಟೀನ್ ಎಂಬ ಕಿಮೋ ಚುಚ್ಚುಮದ್ದು ಸಿಕ್ಕಿದ್ದು ಈ ಗಿಡದಿಂದಲೇ. ನಾಟಿ ಔಷಧಿಯ ಮೇಲೆ ನಂಬಿಕೆ ಇಟ್ಟ ಶಿರಾಳಕೊಪ್ಪ, ಸೊರಬದಂಥ ಊರುಗಳಲ್ಲಿ ಈ ನಂಟನ್ನು ಸರಿಯಾಗಿ ತಿಳಿಯುವುದು ಜೀವದ ಪ್ರಶ್ನೆ.

ತಪ್ಪು ಕಲ್ಪನೆ: ಮದ್ದು ಗಿಡದಲ್ಲೇ ಇದೆ, ಎಲೆಯ ರಸ ಕುಡಿದರೆ ಸಾಕು.
ಸತ್ಯ: ಗಿಡದಲ್ಲಿರುವ ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಲ್ಲಿ ವಿಂಕ್ರಿಸ್ಟೀನ್ ಅತ್ಯಲ್ಪ. ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಿಸುವುದಿಲ್ಲ. ಎಲೆಯ ರಸದಲ್ಲಿ ಈ ಅಳತೆ ಸಿಗದು. ಹೊಟ್ಟೆಗೆ ಸೇರುವುದು ಗಿಡದ ಉಳಿದ ವಿಷಗಳು.

ತಪ್ಪು ಕಲ್ಪನೆ: ನಾಟಿ ಜ್ಞಾನಕ್ಕೂ ಕಿಮೋಗೂ ಸಂಬಂಧವೇ ಇಲ್ಲ.
ಸತ್ಯ: ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದ ಇದೇ ಎಲೆ 1952ರಲ್ಲಿ ಕೆನಡಾದ ಪ್ರಯೋಗಾಲಯಕ್ಕೆ ಬಂತು. ಇಲಿಗಳಲ್ಲಿ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ಆ ಸುಳಿವು ಹಿಡಿದ ವಿಜ್ಞಾನಿಗಳಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬೀರ್ ಇದೇ ಗಿಡದ ಇನ್ನೊಂದು ಮದ್ದಾದ ವಿನ್‌ಬ್ಲಾಸ್ಟೀನ್ ಬೇರ್ಪಡಿಸಿದರು. ಅದರ ಬೆನ್ನಿಗೇ ಬಂದ ವಿಂಕ್ರಿಸ್ಟೀನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸುಳಿವು ಕೊಟ್ಟಿದ್ದು ನಾಟಿ ಮದ್ದು. ರೋಗಕ್ಕೆ ತಕ್ಕ ಅಳತೆ ಹುಡುಕಿದ್ದು ಪರೀಕ್ಷೆ.

ತಪ್ಪು ಕಲ್ಪನೆ: ಗಂಟು ಕರಗಿತು, ಇನ್ನು ಇಂಜೆಕ್ಷನ್ ಬೇಡ.
ಸತ್ಯ: ಒಂದು ಜೀವಕೋಶ ಎರಡಾಗುವಾಗ ಒಳಗಿನ ಸಣ್ಣ ನಾಳಗಳು ಹಗ್ಗದಂತೆ ವರ್ಣತಂತುಗಳನ್ನು ಎಳೆದು ಪಾಲು ಮಾಡುತ್ತವೆ. ವಿಂಕ್ರಿಸ್ಟೀನ್ ಆ ಹಗ್ಗ ಕಟ್ಟಲು ಬಿಡುವುದಿಲ್ಲ. ಆ ಹೊತ್ತಿಗೆ ಒಡೆಯದೆ ಸುಮ್ಮನಿದ್ದ ಕೋಶಗಳು ತಪ್ಪಿಸಿಕೊಳ್ಳುತ್ತವೆ. ಅದಕ್ಕೇ ಬೇರೆ ಮದ್ದುಗಳ ಜೊತೆ ಸುತ್ತು ಸುತ್ತಾಗಿ ಕೊಡುತ್ತಾರೆ. ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ರಕ್ತ ಕ್ಯಾನ್ಸರಿನ ಚಿಕಿತ್ಸೆ ಎರಡು ವರ್ಷಕ್ಕೂ ಮೀರಿ ನಡೆಯುತ್ತದೆ.

ತಪ್ಪು ಕಲ್ಪನೆ: ಕಿಮೋ ಅಂದ ಮೇಲೆ ಕಷ್ಟ ಇದ್ದದ್ದೇ, ಸಹಿಸಿಕೊಳ್ಳಬೇಕು.
ಸತ್ಯ: ನರಗಳೊಳಗೂ ಅಂಥದೇ ಸಣ್ಣ ನಾಳಗಳಿದ್ದು ವಿಂಕ್ರಿಸ್ಟೀನ್ ಅವನ್ನೂ ಕೆಡಿಸುವುದರಿಂದ ಬೆರಳು ಜೋಮು ಹಿಡಿಯಬಹುದು, ಅಂಗಿಯ ಗುಂಡಿ ಹಾಕಲು ಬಾರದಿರಬಹುದು, ದವಡೆ ನೋಯಬಹುದು, ಮಲ ಕಟ್ಟಬಹುದು. ಹೇಳಿದರೆ ವೈದ್ಯರು ಪ್ರಮಾಣ ಇಳಿಸಬಲ್ಲರು. ಸೂಜಿ ಚುಚ್ಚಿದ ಜಾಗ ಉರಿದರೆ ಆ ಕ್ಷಣವೇ ನರ್ಸ್‌ಗೆ ಹೇಳಿ. ಮದ್ದು ಹೊರಗೆ ಸೋರಿದರೆ ಮಾಂಸ ಸುಡುತ್ತದೆ. ಕುಡಿಯುತ್ತಿರುವ ಕಷಾಯವನ್ನೂ ಮುಚ್ಚಿಡಬೇಡಿ.

ತಪ್ಪು ಕಲ್ಪನೆ: ಈ ಮದ್ದನ್ನು ಬೆನ್ನಿಗೂ ಕೊಡುತ್ತಾರೆ.
ಸತ್ಯ: ಬೆನ್ನಿಗೆ ಕೊಡುವ ಕಿಮೋ ಮದ್ದುಗಳು ಬೇರೆ. ವಿಂಕ್ರಿಸ್ಟೀನ್ ರಕ್ತನಾಳಕ್ಕೆ ಮಾತ್ರ. ಬೆನ್ನಿಗೆ ಹೋದರೆ ಪ್ರಾಣಕ್ಕೇ ಎರವು. ಗೊಂದಲವಾಗದಿರಲೆಂದೇ ಸಿರಿಂಜಿನ ಬದಲು ಸಣ್ಣ ಸಲೈನ್ ಚೀಲದಲ್ಲಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ತಪ್ಪು ಕಲ್ಪನೆ: ಇದು ದುಡ್ಡಿದ್ದವರ ಚಿಕಿತ್ಸೆ.
ಸತ್ಯ: ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರಿ ಸಂಸ್ಥೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಶಿಕಾರಿಪುರದ ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ.

ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಬಿಡದ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಕಂಡರೆ ಎಲೆ ಅರೆಯುತ್ತ ತಿಂಗಳು ಕಳೆಯಬೇಡಿ. ಹೂವನ್ನು ದೇವರಿಗೆ ಏರಿಸಿ, ಅದೇ ದಿನ ರಕ್ತಪರೀಕ್ಷೆಗೆ ಹೊರಡಿ.