ಹಸಿರು ಸ್ಟಿಕ್ಕರ್ ಅಳೆಯದ ಹೊಗೆ

ಜರ್ಮನಿಯ ಸ್ಟುಟ್‌ಗಾರ್ಟ್ ನಗರ ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಅಲ್ಲಿ ಗಾಳಿಯಾಟ ಕಡಿಮೆ, ವಾಹನಗಳ ಹೊಗೆ ಬೇಗ ಚದುರುವುದಿಲ್ಲ. 2019ರ ಜನವರಿಯಿಂದ ಈ ನಗರ ಯೂರೋ 4 ಹೊಗೆ ಮಾನದಂಡದ ಮತ್ತು ಅದಕ್ಕಿಂತ ಹಳೆಯ ಡೀಸೆಲ್ ವಾಹನಗಳಿಗೆ ಬಾಗಿಲು ಮುಚ್ಚಿತು. ಆ ಯೂರೋ 4 ಕಾರುಗಳ ಗಾಜಿನ ಮೇಲೆ, ನಗರದೊಳಗೆ ಬರಬಹುದು ಎಂದು ಸಾರುವ ಅಧಿಕೃತ ಹಸಿರು ಸ್ಟಿಕ್ಕರ್ ಇತ್ತು.

ಜರ್ಮನಿಯಲ್ಲಿ ಸ್ಟಿಕ್ಕರ್ ಇರುವ ವಾಹನಗಳನ್ನಷ್ಟೇ ಒಳಗೆ ಬಿಡುವ ಪರಿಸರ ವಲಯಗಳು ಶುರುವಾದದ್ದು 2008ರ ಜನವರಿಯಲ್ಲಿ, ಬರ್ಲಿನ್, ಕಲೋನ್, ಹ್ಯಾನೋವರ್‌ಗಳಲ್ಲಿ. ಕೆಂಪು, ಹಳದಿ, ಹಸಿರು ಎಂದು ಮೂರು ಬಣ್ಣ. ಯೂರೋ 2 ಡೀಸೆಲ್‌ಗೆ ಕೆಂಪು, ಯೂರೋ 3ಕ್ಕೆ ಹಳದಿ, ಯೂರೋ 4ಕ್ಕೆ ಹಸಿರು. ಮಸಿ ಸೋಸುವ ಫಿಲ್ಟರ್ ಹಾಕಿಸಿದರೆ ಒಂದು ಮೆಟ್ಟಿಲು ಬಡ್ತಿ. ಸ್ಟಿಕ್ಕರ್ ಮೇಲೆ ನೋಂದಣಿ ಸಂಖ್ಯೆ ಬರೆದಿರುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಸೆಕೆಂಡ್ ಹ್ಯಾಂಡ್ ಕಾರು ಕೊಂಡು ನಂಬರ್ ಬದಲಾದರೆ ಹೊಸ ಸ್ಟಿಕ್ಕರನ್ನೇ ಪಡೆಯಬೇಕು. ಹೊಗೆಯೇ ಬಿಡದ ಎಲೆಕ್ಟ್ರಿಕ್ ಕಾರಿಗೂ ಅದೇ ಹಸಿರು.

ಈ ಬಣ್ಣಗಳು ಅಳೆದದ್ದು ಮುಖ್ಯವಾಗಿ ಮಸಿಯನ್ನು. ಫಿಲ್ಟರ್ ಒಳಗೆ ಜೇನುಗೂಡಿನಂಥ ಪಿಂಗಾಣಿ ಕೊಳವೆಗಳಿರುತ್ತವೆ. ಒಂದು ಬಿಟ್ಟು ಒಂದರ ತುದಿ ಮುಚ್ಚಿರುವುದರಿಂದ ಹೊಗೆ ಗೋಡೆಯ ಸಣ್ಣ ರಂಧ್ರಗಳ ಮೂಲಕವೇ ಹಾಯಬೇಕು. ಮಸಿ ಅಲ್ಲಿ ಸಿಕ್ಕಿಬೀಳುತ್ತದೆ. ಫಿಲ್ಟರ್ ತುಂಬಿದಾಗ ಆ ಮಸಿ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಹೋಗುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಘೋಷಿಸಿದೆ, ಹಾಗಾಗಿ ಇದು ಸಣ್ಣ ಗೆಲುವಲ್ಲ. ಆದರೂ ವಲಯಗಳಿಂದ ಲಾಭವಿಲ್ಲವೆಂದು ಹಲವರು ವಾದಿಸಿದರು, ಏಕೆಂದರೆ ದೂಳನ್ನು ತೂಕದಲ್ಲಿ ಅಳೆದಾಗ ಇಳಿಕೆ ಅಲ್ಪವಾಗಿ ಕಂಡಿತು. ಆ ತೂಕದಲ್ಲಿ ಟಯರು, ಬ್ರೇಕು ಸವೆದ ಪುಡಿಯೂ ರಸ್ತೆಯ ಮಣ್ಣೂ ಸೇರಿರುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಮಸಿಯ ಕಣದ ತೂಕ ಇಲ್ಲವೆನ್ನುವಷ್ಟು ಕಡಿಮೆ. ಮಸಿಯನ್ನೇ ಬೇರೆಯಾಗಿ ಅಳೆದಲ್ಲಿ ಇಳಿಕೆ ಎದ್ದು ಕಂಡಿತು.

ತೊಡಕು ಬಂದದ್ದು ನೈಟ್ರೋಜನ್ ಆಕ್ಸೈಡ್‌ಗಳಿಂದ. ಡೀಸೆಲ್ ಎಂಜಿನ್ ಅಗತ್ಯಕ್ಕಿಂತ ಹೆಚ್ಚು ಗಾಳಿ ಎಳೆದುಕೊಂಡು ಸುಡುತ್ತದೆ. ಆ ಕಾವಿನಲ್ಲಿ ಗಾಳಿಯ ನೈಟ್ರೋಜನ್ ಮತ್ತು ಆಮ್ಲಜನಕ ಕೂಡಿಕೊಳ್ಳುತ್ತವೆ. ಮಸಿ ಫಿಲ್ಟರ್ ಈ ಅನಿಲವನ್ನು ತಡೆಯದು. ಫಿಲ್ಟರ್‌ಗೆ ಮುಂಚೆ ಬರುವ ಪ್ಲಾಟಿನಂ ಲೇಪನವಂತೂ ಅದರಲ್ಲೊಂದು ಪಾಲನ್ನು ಇನ್ನೂ ಕೆಟ್ಟ ನೈಟ್ರೋಜನ್ ಡೈಆಕ್ಸೈಡ್ ಆಗಿ ಬದಲಿಸುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಬಯಲಾಯಿತು. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗಷ್ಟೇ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಸುಮಾರು 1.1 ಕೋಟಿ ವಾಹನಗಳಲ್ಲಿತ್ತು. 2018ರಲ್ಲಿ ಲೈಪ್‌ಜಿಗ್‌ನ ಸರ್ವೋಚ್ಚ ಆಡಳಿತ ನ್ಯಾಯಾಲಯ ನಗರಗಳು ಡೀಸೆಲ್ ನಿಷೇಧಿಸಬಹುದೆಂದು ತೀರ್ಪಿತ್ತಿತು. ಸ್ಟುಟ್‌ಗಾರ್ಟ್‌ನ ನಿಷೇಧ ಅದರ ಮುಂದುವರಿಕೆ.

ನಮ್ಮಲ್ಲೂ ಬಣ್ಣದ ಸ್ಟಿಕ್ಕರ್ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ದೆಹಲಿ ವಲಯದಲ್ಲಿ ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ ಬಣ್ಣಕ್ಕೆ ಒಪ್ಪಿಗೆ ಕೊಟ್ಟಿತು. ಅದು ಹೇಳುವುದು ಇಂಧನ ಯಾವುದು ಎಂದಷ್ಟೇ. ನಮ್ಮ ಪೆಟ್ರೋಲ್ ಬಂಕ್‌ಗಳ ಎಮಿಷನ್ ಟೆಸ್ಟ್‌ನಲ್ಲಿ ಪೆಟ್ರೋಲ್ ಗಾಡಿಯನ್ನು ನಿಂತಲ್ಲೇ ಓಡಿಸಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ನೋಡುತ್ತಾರೆ. ಡೀಸೆಲ್‌ನಲ್ಲಿ ಹೊಗೆ ಎಷ್ಟು ದಟ್ಟ ಎಂದು ನೋಡುತ್ತಾರೆ. ನೈಟ್ರೋಜನ್ ಆಕ್ಸೈಡ್ ಅಲ್ಲಿ ಲೆಕ್ಕಕ್ಕಿಲ್ಲ. ಬಿಎಸ್ 6 ಬಂದ ಮೇಲೆ ಹೊಸ ಮಾದರಿಗಳನ್ನು ನಿಜವಾದ ರಸ್ತೆಯಲ್ಲಿ ಓಡಿಸಿ ಪರೀಕ್ಷಿಸುತ್ತಿದ್ದೇವೆ, ಅದು ಒಳ್ಳೆಯದೇ. ಆದರೆ ಐದು ವರ್ಷ ಓಡಿದ ಗಾಡಿ ಬಂಕ್‌ಗೆ ಬಂದಾಗಲೂ ಸೈಲೆನ್ಸರ್‌ಗೆ ಸಿಕ್ಕಿಸುವ ನಳಿಕೆ ನೈಟ್ರೋಜನ್ ಆಕ್ಸೈಡನ್ನೂ ಅಳೆಯಬೇಕು. ಅಳೆಯುವ ಉಪಕರಣಗಳು ಇವೆ.